ರಕ್ತದಲ್ಲೇ ಬಂದದ್ದಲ್ಲವೇ?

ಬೆಲ್ಜಿಯಂನ ಗಾಯನ ತಂಡ ಝಾಪ್ ಮಾಮಾದ ಹಾಡು ಕೇಳಿಸಿದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ತಂಡದ ನಾಯಕಿ ಆಫ್ರಿಕಾದವರಲ್ಲವೇ, ಈ ಲಯ ರಕ್ತದಲ್ಲೇ ಬಂದಿರಬೇಕು?’ ಮೆಚ್ಚುಗೆಯಿಂದಲೇ ಕೇಳುತ್ತಾರೆ. ಆದರೂ ನನ್ನ ಉತ್ತರ, ಇಲ್ಲ. ಅದು ಹುಡುಕಿಕೊಂಡು ಹೋಗಿ ಕಲಿತದ್ದು.

ತಂಡ ಕಟ್ಟಿದ ಮರೀ ಡೋಲ್ನ್ ಹುಟ್ಟಿದ್ದು 1964ರಲ್ಲಿ, ಕಾಂಗೋದ ಈಶಾನ್ಯಕ್ಕಿರುವ ಇಸಿರೋದಲ್ಲಿ. ತಂದೆ ಬೆಲ್ಜಿಯಂನವರು, ತಾಯಿ ಕಾಂಗೋದವರು. ಅದು ಕಾಂಗೋ ಸರ್ಕಾರದ ವಿರುದ್ಧ ಎದ್ದ ಸಿಂಬಾ ದಂಗೆಯ ಕಾಲ. ಬಂಡುಕೋರರು ತಂದೆಯನ್ನು ಕೊಂದರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಕಾಡು ಸೇರಿದರು. ಅಲ್ಲಿ ಆಸರೆ ಕೊಟ್ಟವರು ಆ ಕಾಡುಗಳಲ್ಲೇ ಬಾಳುವ ಪಿಗ್ಮಿ ಜನ. ಆಮೇಲೆ ಬೆಲ್ಜಿಯಂ. ಮರೀ ಆಗಿನ್ನೂ ಎಳೆಗೂಸು. ಬೆಳೆದದ್ದೆಲ್ಲ ಅಲ್ಲಿ, ಫ್ರೆಂಚ್ ಮಾತಿನ ನಡುವೆ.

ತಾಯಿ ಮನೆಯಲ್ಲಿ ಊರಿನ ಹಾಡುಗಳನ್ನು ಉಳಿಸಿಕೊಂಡಿದ್ದರು, ನಿಜ. ಆದರೆ ಅಷ್ಟೇ ಸಾಲಲಿಲ್ಲ. ಇಪ್ಪತ್ತರ ಹರೆಯದ ಹೊಸ್ತಿಲಲ್ಲಿ ಮರೀ ಕಾಂಗೋಗೆ ಮರಳಿದರು, ತಮ್ಮವರನ್ನು ಉಳಿಸಿದ ಅದೇ ಜನರ ಗಾಯನ ಕಲಿಯಲು.

ಆ ಗಾಯನದ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಒಬ್ಬಳು ಒಂದೆರಡು ಸ್ವರ ಹಾಡಿ ನಿಲ್ಲುತ್ತಾಳೆ. ಆ ಬಿಡುವಿಗೆ ಸರಿಯಾಗಿ ಇನ್ನೊಬ್ಬಳ ಸ್ವರ ಬೀಳುತ್ತದೆ, ಅದರ ಸಂದಿಗೆ ಮೂರನೆಯವಳದು. ಮೂವರು ಒಂದೇ ಒರಳಿಗೆ ಸರದಿಯಂತೆ ಒನಕೆ ಹಾಕಿದಂತೆ. ನಡುನಡುವೆ ದನಿ ಎದೆಯಿಂದ ತಟ್ಟನೆ ನೆತ್ತಿಗೆ ಜಿಗಿಯುತ್ತದೆ. ಇಡೀ ರಾಗ ಯಾರೊಬ್ಬರ ಬಾಯಲ್ಲೂ ಇರುವುದಿಲ್ಲ. ಮಧ್ಯ ಆಫ್ರಿಕಾದ ಅಕಾ ಪಿಗ್ಮಿಗಳ ಇಂಥ ಬಹುದನಿ ಗಾಯನವನ್ನು ಯುನೆಸ್ಕೋ 2003ರಲ್ಲಿ ಗುರುತಿಸಿತು. ಕಾಡಿನ ಜನ ತಲೆಮಾರುಗಳಿಂದ ಮಕ್ಕಳಿಗೆ ಕಲಿಸುತ್ತ ಬಂದ ವಿದ್ಯೆ ಇದು. ‘ರಕ್ತ’ ಎಂದೊಡನೆ ಆ ಗುರುಗಳ ಶ್ರಮವೂ ಅಳಿಸಿಹೋಗುತ್ತದೆ, ಅದೇ ನನಗೆ ನೋವು.

ಬ್ರಸೆಲ್ಸ್‌ಗೆ ಬಂದು ಮರೀ ಐವರು ಹೆಣ್ಣುಮಕ್ಕಳ ತಂಡ ಕಟ್ಟಿದರು. ವಾದ್ಯಗಳ ಆಸರೆಯಿಲ್ಲದೆ ಬರಿಯ ದನಿ. 1993ರಲ್ಲಿ ಅಮೆರಿಕದಲ್ಲಿ ಸಂಗೀತಗಾರ ಡೇವಿಡ್ ಬರ್ನ್ ಅವರ ಸಂಗೀತ ಕಂಪನಿ ಹೊರತಂದ ಅವರ ಆಲ್ಬಮ್ಮಿನ ಹೆಸರಿನಲ್ಲೇ ‘ಆಫ್ರೋಪಿಯಾ’ ಎಂಬ ಪದವಿದೆ. ಆಫ್ರಿಕಾ, ಯುರೋಪು ಎರಡೂ ಬೆರೆತ, ಯಾವ ನಕ್ಷೆಯಲ್ಲೂ ಇಲ್ಲದ ಊರು. ಮುಂದೆ ಹಿಪ್‌ಹಾಪ್, ಸೋಲ್ ಎಲ್ಲವೂ ಸೇರಿದವು. ನನಗೆ ಮಾತ್ರ ಮೊದಲಿನ ಆ ಬರಿದನಿಗಳೇ ಹೆಚ್ಚು.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ಇಷ್ಟು ಹೇಳುತ್ತೇನೆ: ಇನ್ನೊಮ್ಮೆ ಕೇಳಿ. ಈ ಸಲ ಒಬ್ಬಳ ದನಿಯನ್ನಷ್ಟೇ ಹಿಡಿದು ಹೋಗಿ. ಅವಳು ಎಲ್ಲೆಲ್ಲಿ ಸುಮ್ಮನಾಗುತ್ತಾಳೆ, ಎಣಿಸಿ.