ಕ್ಯಾಲವರೈಟೋ ಕ್ರೆನ್ನರೈಟೋ: ತೂಕದ ಎರಡನೇ ಸುತ್ತು

ಹಿತ್ತಾಳೆ ಬಣ್ಣದ ಈ ತುಣುಕು ಗಾಜನ್ನು ಗೀರಲಿಲ್ಲ, ಹಾಗಾಗಿ ಚಿನ್ನದಂತೆ ಕಾಣುವ ಪೈರೈಟ್ ಅಲ್ಲ. ಉಗುರಿನಿಂದ ಅದರ ಮೇಲೆ ಗೀರು ಬೀಳಲಿಲ್ಲ. ಚಿನ್ನ-ಬೆಳ್ಳಿಯ ಖನಿಜ ಸಿಲ್ವನೈಟ್ ಆಗಿದ್ದರೆ ಬೀಳಬೇಕಿತ್ತು, ಮೋಸ್ ಅಳತೆಯಲ್ಲಿ ಅದರ ಗಡಸುತನ 1.5ರಿಂದ 2 ಮಾತ್ರ. ಉಳಿದದ್ದು ಎರಡು ಚಿನ್ನದ ಟೆಲ್ಯುರೈಡ್‌ಗಳು (ಚಿನ್ನ ಮತ್ತು ಟೆಲ್ಯುರಿಯಂ ಸೇರಿದ ಖನಿಜಗಳು): ಸಾಂದ್ರತೆ 9.1ರಿಂದ 9.4 ಇರುವ ಕ್ಯಾಲವರೈಟ್, ಸುಮಾರು 8.6 ಇರುವ ಕ್ರೆನ್ನರೈಟ್.

ಮೊದಲ ತೂಕ: ಗಾಳಿಯಲ್ಲಿ 1.864 ಗ್ರಾಂ, ನೀರಿನಲ್ಲಿ 1.648 ಗ್ರಾಂ. ಕಡಿಮೆಯಾದದ್ದು 0.216, ಗಾಳಿಯ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 8.63. ನೋಡಿದ ಕೂಡಲೇ ಕ್ರೆನ್ನರೈಟ್ ಎನ್ನಿಸುತ್ತದೆ. ಆದರೆ ಸಂದಿಗಳಲ್ಲಿ ಬೆಣಚುಕಲ್ಲು ಅಂಟಿಕೊಂಡಿತ್ತು, ಅದರ ಸಾಂದ್ರತೆ ಬರೀ 2.65. ಶುದ್ಧ ಕ್ಯಾಲವರೈಟನ್ನು 9.2 ಎಂದಿಟ್ಟುಕೊಂಡರೆ, ತೂಕದಲ್ಲಿ ಶೇ 2.7ರಷ್ಟು ಬೆಣಚುಕಲ್ಲು ಸೇರಿದರೆ ಸಾಕು, ಲೆಕ್ಕ 8.63ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಕಲ್ಮಶ ಇಡೀ ಗುರುತನ್ನೇ ಬದಲಿಸಿಬಿಡುತ್ತದೆ!

ಆದ್ದರಿಂದ ಭೂತಗನ್ನಡಿಯ ಕೆಳಗೆ ಸೂಜಿಯಿಂದ ಬೆಣಚುಕಲ್ಲನ್ನು ಕೆರೆದು ತೆಗೆದೆವು. ಖನಿಜ ಬೇಗ ಒಡೆಯುವಂಥದ್ದು, ಮೇಲಾಗಿ ಮೆದು; ಸೂಜಿಯನ್ನು ಕಲ್ಲಿನ ಕಡೆಯಿಂದಲೇ ಒತ್ತಬೇಕು, ಇಲ್ಲವಾದರೆ ಅಂಚು ಪುಡಿಯಾಗುತ್ತದೆ. ಬೆಣಚುಕಲ್ಲನ್ನು ಕರಗಿಸುವ, ಆದರೆ ತುಂಬಾ ಅಪಾಯಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲದ ದಾರಿ ಬೇಡವೇ ಬೇಡ.

ಎರಡನೇ ತೂಕ: ಗಾಳಿಯಲ್ಲಿ 1.822, ನೀರಿನಲ್ಲಿ 1.622. ಸಾಂದ್ರತೆ 9.11.

ನೀರನ್ನು ಕುದಿಸಿ ಆರಿಸಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ತೆಳು ನೈಲಾನ್ ದಾರದಲ್ಲಿ ತುಣುಕನ್ನು ತೂಗುಹಾಕಿದೆವು. ಎರಡು ಮಿಲಿಮೀಟರ್ ಅಡ್ಡಳತೆಯ ಒಂದೇ ಗುಳ್ಳೆ ಅಂಟಿದ್ದರೂ ಉತ್ತರ 0.2ರಷ್ಟು ಇಳಿಯುತ್ತದೆ. ತಕ್ಕಡಿ 1 ಮಿಲಿಗ್ರಾಂ ತೋರಿಸುವಂಥದ್ದೇ ಇರಬೇಕು. 10 ಮಿಲಿಗ್ರಾಂ ಹಂತದ ತಕ್ಕಡಿಯಲ್ಲಿ, ಇಷ್ಟು ಸಣ್ಣ ತುಣುಕಿಗೆ, 0.4ಕ್ಕೂ ಹೆಚ್ಚು ವ್ಯತ್ಯಾಸ ಬರಬಹುದು. ಎರಡು ಖನಿಜಗಳ ನಡುವಿನ ಅಂತರವೇ ಅಷ್ಟು.

ಸಾಂದ್ರತೆಗಿಂತ ನಂಬಿಕೆ ಹುಟ್ಟಿಸಿದ್ದು ಮುರಿದ ಮೇಲ್ಮೈ. ಕ್ರೆನ್ನರೈಟ್ ಒಂದು ದಿಕ್ಕಿನಲ್ಲಿ ಚೆನ್ನಾಗಿ ಸೀಳುತ್ತದೆ. ಕ್ಯಾಲವರೈಟ್‌ಗೆ ಸೀಳುವ ದಿಕ್ಕೇ ಇಲ್ಲ. ಇಲ್ಲಿ ಸಮತಟ್ಟಾದ ಹೊಳೆಯುವ ಮೇಲ್ಮೈ ಎಲ್ಲೂ ಕಾಣಲಿಲ್ಲ, ಒರಟಾದ ಮುರಿತ ಮಾತ್ರ. ಹರಳಿನ ಮುಖಗಳ ಕೋನ ಅಳೆಯುವ ಯೋಚನೆ ಬಿಟ್ಟೆವು: ಕ್ಯಾಲವರೈಟ್‌ನ ಪರಮಾಣು ಜೋಡಣೆಯಲ್ಲಿ ಜಾಲಕಕ್ಕೆ ಹೊಂದದ ಅಲೆಯಂಥ ಏರಿಳಿತವಿದೆ, ಅದರ ಎಷ್ಟೋ ಮುಖಗಳು ಸರಳ ಪೂರ್ಣಾಂಕಗಳಿಗೆ ಒಗ್ಗುವುದಿಲ್ಲ.

ಬಿಸಿ ಗಂಧಕಾಮ್ಲದಲ್ಲಿ ಕೆಂಪು ಬಣ್ಣ ಬರುವುದು ಟೆಲ್ಯುರಿಯಂ ಇದೆ ಎಂದಷ್ಟೇ ಹೇಳುತ್ತದೆ, ಎರಡನ್ನೂ ಬೇರೆ ಮಾಡುವುದಿಲ್ಲ. ಕಾಯಿಸಿದರೆ ಬರುವ ಹೊಗೆ ವಿಷ, ಹಾಗಾಗಿ ಇದ್ದಿಲ ಮೇಲೆ ಕರಗಿಸುವ ಪರೀಕ್ಷೆಯೂ ಇಲ್ಲ. ಬೆಳ್ಳಿಯ ಅಂಶ ನೋಡಿದರೂ ಪೂರ್ತಿ ತೀರ್ಮಾನವಾಗದು, ಕ್ಯಾಲವರೈಟ್‌ನಲ್ಲೂ ಸ್ವಲ್ಪ ಬೆಳ್ಳಿ ಇರಬಹುದು. ಸೂಜಿಯ ಕೆಲಸದಲ್ಲಿ ಉದುರಿದ ಕೆಲವು ಮಿಲಿಗ್ರಾಂ ಪುಡಿಯನ್ನು ಗಾಜಿನ ಸೀಸೆಯಲ್ಲಿ ಇಟ್ಟಿದ್ದೇವೆ, ಮುಂದಿನದು ಅದರ ಎಕ್ಸ್‌ರೇ ವಿವರ್ತನೆ, ಅಂದರೆ ಎಕ್ಸ್‌ರೇ ಹಾಯಿಸಿ ಪರಮಾಣು ಜೋಡಣೆಯನ್ನು ನೋಡುವ ಪರೀಕ್ಷೆ.