ತಟ್ಟಿ ನೋಡಿದ ಮಡಕೆ

5 ಏಪ್ರಿಲ್ 2023, ಬುಧವಾರ. ರಾತ್ರಿ 11.20

ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹತ್ತೊಂಬತ್ತು ಮಕ್ಕಳನ್ನು ಕರೆದೊಯ್ದು ಹತ್ತೊಂಬತ್ತನ್ನೂ ಅವರವರ ಮನೆಯವರ ಕೈಗೆ ಒಪ್ಪಿಸಿ ಬಂದಾಯಿತು. ಮಲಗಬೇಕಿತ್ತು. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಬೋರ್ಡ್ ಪರೀಕ್ಷೆ ಇದೆ, ಇಲ್ಲ, ಮತ್ತೆ ಇದೆ ಎಂದು ಈ ವರ್ಷ ಎಂಟನೆಯ ತರಗತಿಯವರನ್ನು ಕುಣಿಸಿದ್ದೇ ಕುಣಿಸಿದ್ದು. ಅಂತೂ ಮುಗಿಯಿತಲ್ಲ, ರಜೆಗೆ ಮುಂಚೆ ಒಂದು ಸಂಜೆ ಎಲ್ಲಿಗಾದರೂ ಹೋಗೋಣ ಎಂದವಳು ನಾನೇ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ಎಂದಾಗ ಗಣಿತದ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಮಕ್ಕಳಿಗೆ ಕಛೇರಿಯೇ? ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಓಡಾಡಿಕೊಂಡಾದರೂ ಇರುತ್ತವೆ." ಪಿ.ಟಿ. ಮೇಷ್ಟ್ರು ಚುನಾವಣೆಯ ಕೆಲಸದ ನೆಪ ಹೇಳಿಯೂ ಕೊನೆಗೆ ಬಂದರು, ಪುಣ್ಯಾತ್ಮ.

ಬಸ್ಸಿನ ನೂಕುನುಗ್ಗಲು ಬರೆಯುವುದಿಲ್ಲ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಡಿ ಹಿಂದಿನ ಸಾಲುಗಳಲ್ಲಿ ಕುಳಿತೆವು. 1939ರಿಂದ ನಡೆಯುತ್ತಿರುವ ಉತ್ಸವ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಪಾನಕ ಎಲ್ಲಿ ಕೊಡುತ್ತಾರೆ ಎಂಬುದೇ ಹುಡುಗರ ಪ್ರಶ್ನೆ. ಕಛೇರಿಯ ಆರಂಭದ ವರ್ಣ ಮುಗಿಯುವಷ್ಟರಲ್ಲಿ ಪಿಸುಮಾತು, ರಾಗಾಲಾಪನೆಗೆ ಆಕಳಿಕೆ. ಮೇಷ್ಟ್ರಂತೂ ಎಲ್ಲರಿಗಿಂತ ಮೊದಲು ನಿದ್ದೆಹೋದರು.

ಹಾಡು ನಿಂತು ತಾಳವಾದ್ಯಗಳು ಮಾತ್ರ ನುಡಿಯುವ ತನಿಯಾವರ್ತನ ಶುರುವಾದಾಗ ಎದ್ದು ಕುಳಿತವಳು ಒಬ್ಬಳೇ. ದೀಪಾವಳಿಗೆ ನನಗೆ ಬುಟ್ಟಿ ತುಂಬ ಹಣತೆ ತಂದುಕೊಟ್ಟವಳು, ಪಾಟರಿ ಟೌನಿನ ಕುಂಬಾರರ ಮನೆಯ ಹುಡುಗಿ. ಮೃದಂಗದವರು ಬಿಟ್ಟುಕೊಟ್ಟದ್ದನ್ನು ಘಟದವರು ಎತ್ತಿಕೊಂಡರು. ಮಡಕೆಯ ಬಾಯಿ ಹೊಟ್ಟೆಗೆ ಒತ್ತಿದಾಗ ಒಂದು ನಾದ, ಸ್ವಲ್ಪ ಸರಿಸಿದಾಗ ಗುಂಯ್ ಎಂದು ಇನ್ನೊಂದು. ಹುಡುಗಿ ನನ್ನ ಸೆರಗು ಎಳೆದಳು.

"ಮೇಡಂ, ಅದು ನೀರಿನ ಮಡಕೆಯಲ್ಲ."

"ಅಲ್ಲ, ಘಟ."

"ಹಾಗಲ್ಲ ಮೇಡಂ. ನೀರಿನ ಮಡಕೆಗೆ ಮರಳು ಹಾಕುತ್ತಾರೆ, ಜಿನುಗಬೇಕಲ್ಲ. ಅದು ಹೀಗೆ ಕೂಗುವುದಿಲ್ಲ. ಸುಡುವ ಆವಿಗೆಯಿಂದ ತೆಗೆದ ಮೇಲೆ ಅಜ್ಜಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಬಿರುಕು ಬಿಟ್ಟದ್ದು ಬದ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕನ್ನೂ ನಾನು ಹೇಳುತ್ತೇನೆ."

ಕಛೇರಿ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಅವಳು ವೇದಿಕೆಯ ಪಕ್ಕಕ್ಕೆ ಹೋಗಿ ನಿಂತಿದ್ದಳು. ಬೈಯುತ್ತಾರೇನೋ ಎಂದು ಹಿಂದೆಯೇ ಓಡಿದೆ. ಘಟದ ವಿದ್ವಾಂಸರು ಬೆವರು ಒರೆಸಿಕೊಳ್ಳುತ್ತ, "ಏನಮ್ಮ, ಬೇಕಾ? ತಟ್ಟು" ಎಂದು ಮಡಕೆಯನ್ನು ಅವಳತ್ತ ತಿರುಗಿಸಿದರು. ಕೊರಳ ಹತ್ತಿರ ಒಂದು, ನಡುವಿನಲ್ಲಿ ಎರಡು, ಬುಡದಲ್ಲಿ ಒಂದು. ಕಿವಿಯನ್ನು ಮಡಕೆಗೆ ತಾಗಿಸಿಬಿಟ್ಟಿದ್ದಳು.

"ಇಲ್ಲಿ ಒಂದು ಕಡೆ ತೆಳ್ಳಗಿದೆ, ಸಾರ್."

ಅವರು ಟವೆಲ್ ಕೆಳಗಿಟ್ಟರು. ಅದೇ ಜಾಗವನ್ನು ತಾವೂ ತಟ್ಟಿದರು. ತಮಿಳುನಾಡಿನ ಮಾನಾಮದುರೈಯ ಘಟವಂತೆ. ಮಣ್ಣಿಗೆ ಲೋಹದ ಪುಡಿ ಬೆರೆಸುತ್ತಾರೆ, ಅದಕ್ಕೇ ಇಷ್ಟು ಭಾರ. ಮೃದಂಗವನ್ನಾದರೆ ಶ್ರುತಿಗೆ ಕೂಡಿಸಬಹುದು, ಇದರ ಶ್ರುತಿ ಆವಿಗೆಯಲ್ಲೇ ನಿಂತುಹೋಗುತ್ತದೆ, ಹಾಗಾಗಿ ಶ್ರುತಿಗೊಂದು ಘಟ ಇಟ್ಟುಕೊಳ್ಳಬೇಕು ಎಂದರು. ಆಮೇಲೆ ಅವರ ಮಾತು ತಮಿಳಿಗೆ ಹೊರಳಿತು. ಅವಳ ಮನೆಮಾತೂ ಅದೇ. ತರಗತಿಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವ ಹುಡುಗಿ ಕೈ ಬೀಸಿ ಬೀಸಿ ಏನೋ ವಿವರಿಸುತ್ತಿದ್ದಳು, ಅವರು ತಲೆಯಾಡಿಸುತ್ತಿದ್ದರು. ನನಗೆ ಅರ್ಥವಾದದ್ದು "ಪಾಟಿ" ಒಂದೇ. ಅಜ್ಜಿ.

ವಾಪಸ್ ಬರುವಾಗ, ಘಟ ಮಾಡುವ ಮಾನಾಮದುರೈಯ ಮೀನಾಕ್ಷಿ ಕೇಶವನ್ ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ಹೇಳಿದೆ.

"ಮಡಕೆ ಮಾಡಿದ್ದಕ್ಕಾ? ಅಜ್ಜಿಗೆ ಹೇಳಿದರೆ ಸುಳ್ಳು ಹೇಳಬೇಡ ಎಂದು ಬೈಯುತ್ತಾರೆ, ಮೇಡಂ."

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಜೂನ್‌ನಲ್ಲಿ ಪ್ರಾರ್ಥನೆಯ ಗುಂಪಿಗೆ ಮಕ್ಕಳನ್ನು ಆರಿಸುವಾಗ ಇವಳ ದನಿ ಶ್ರುತಿಗೆ ಸೇರುವುದಿಲ್ಲ ಎಂದು ಹಿಂದಿನ ಸಾಲಿಗೆ ಕಳುಹಿಸಿದವಳು ನಾನು. "ನೀನು ಬಾಯಿ ಆಡಿಸಿದರೆ ಸಾಕು" ಎಂದಿದ್ದೆ. ಇಡೀ ವರ್ಷ ನಾಡಗೀತೆಗೆ ಅವಳು ಬಾಯಿ ಆಡಿಸಿದಳು, ಒಂದು ದಿನವೂ ತಪ್ಪಿಸದೆ. ಎರಡು ನಿಮಿಷ ಹಾರ್ಮೋನಿಯಂ ಮುಂದೆ ನಿಲ್ಲಿಸಿ ಕಿವಿ ಇಲ್ಲ ಎಂದು ತೀರ್ಮಾನಿಸಿದ್ದೆ. ದನಿಯನ್ನು ಪರೀಕ್ಷಿಸಿ ಕಿವಿಗೆ ಅಂಕ ಕೊಟ್ಟಿದ್ದೆ!

ಅವಳಿಗೆ ಅದು ನೆನಪಿಲ್ಲದೇ ಇರಬಹುದು. ಇದೆ, ಖಂಡಿತ ಇದೆ. ನೆನಪಿಲ್ಲದವಳು ದಿನವೂ ಹಾಗೆ ಬಾಯಿ ಆಡಿಸುತ್ತಿರಲಿಲ್ಲ.

ನೀರು ತಣ್ಣಗಾಗಿದೆ. ದೀಪ ಆರಿಸು ಎಂದು ಅಮ್ಮ ಎರಡು ಸಲ ಕೂಗಿದರು. ರಜೆಗೆ ಇನ್ನು ನಾಲ್ಕೈದು ಪ್ರಾರ್ಥನೆಗಳು ಉಳಿದಿವೆ. ನಾಳೆ ಅವಳನ್ನು ಮುಂದಿನ ಸಾಲಿಗೆ ಕರೆಯಬಹುದು. ಕರೆದರೆ ಯಾಕೆ ಎಂದು ಕೇಳಿಯೇ ಕೇಳುತ್ತಾಳೆ, ಉಳಿದ ಹದಿನೆಂಟು ಮಕ್ಕಳೆದುರೇ. ಆಗ ನಾನು...