ನಾನೊಬ್ಬಳೇ ಹೊರಗಿನವಳಾ?

ಹೊಸದಾಗಿ ವಿಶ್ವವಿದ್ಯಾಲಯಕ್ಕೆ ಸೇರಿದವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಲ್ಯಾಬ್‌ನಲ್ಲಿ ಪಾಠ ಮಾಡುವ ನನಗೆ ಮೊದಲ ವಾರದಲ್ಲೇ ಅದು ಕಾಣುತ್ತದೆ. ರೀಡಿಂಗ್ ತಪ್ಪಾದರೆ ಒಬ್ಬ ಹುಡುಗ ಸಲೀಸಾಗಿ ಪಕ್ಕದವರನ್ನು ಕೇಳುತ್ತಾನೆ. ಅದೇ ಬೆಂಚಿನ ಹುಡುಗಿ ತಾನು ಬರೆದ ಪುಟದ ಮೇಲೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಇಬ್ಬರದೂ ಒಂದೇ ತಪ್ಪು. ಅವಳಿಗೆ ಮಾತ್ರ ಅದು ತಾನು ಇಲ್ಲಿಗೆ ಸಲ್ಲದವಳು ಅನ್ನುವುದಕ್ಕೆ ಸಾಕ್ಷಿ.

ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಹಿಡಿದು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಮೊದಲ ವರ್ಷ ಹೀಗನಿಸುವುದು ಸಹಜ, ಬರ್ತಾ ಬರ್ತಾ ಕಡಿಮೆಯಾಗುತ್ತದೆ ಅಂತ ಸೀನಿಯರ್‌ಗಳು ಹೇಳಿದ್ದನ್ನು ಹೊಸಬರಿಗೆ ಓದಿಸಿದರು. ಸುಮಾರು ಒಂದು ಗಂಟೆಯ ಕೆಲಸ, ಅಷ್ಟೇ. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು, ಬಿಳಿಯರ ಜೊತೆಗಿನ ಅಂತರ ಅರ್ಧಕ್ಕಿಳಿಯಿತು. ಇದು ಪ್ರಕಟವಾದದ್ದು 2011ರಲ್ಲಿ. 2023ರಲ್ಲಿ ಇಂಥದ್ದೇ ಪ್ರಯೋಗವನ್ನು 22 ಸಂಸ್ಥೆಗಳ ಸುಮಾರು 27 ಸಾವಿರ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ ಬಂತು. ನನಗೆ ಇದೇ ಜಾಸ್ತಿ ಮುಖ್ಯ. ಹೊರಗಿನವರು ಅನ್ನಿಸುವ ವಿದ್ಯಾರ್ಥಿಗಳಿಗೆ ಬೆರೆಯಲು ನಿಜವಾಗಿ ಅವಕಾಶ ಇದ್ದ ಕಾಲೇಜುಗಳಲ್ಲಿ ಮಾತ್ರ ಆ ಮಾತು ಫಲ ಕೊಟ್ಟಿತ್ತು. ಸುಮ್ನೆ ಸ್ವಾಗತ ಭಾಷಣ ಮಾಡಿದರೆ ಆಗುವುದಿಲ್ಲ, ಅಲ್ವಾ?

ಅದಕ್ಕೇ ನಮ್ಮ ಮೊದಲ ಲ್ಯಾಬ್‌ಗೆ ಒಬ್ಬ ಸೀನಿಯರ್ ತನ್ನ ಹಳೆಯ ರೆಕಾರ್ಡ್ ಪುಸ್ತಕ ತರುತ್ತಾಳೆ. ಕೆಂಪು ಇಂಕಿನಲ್ಲಿ ತಿದ್ದಿದ ಪುಟಗಳನ್ನೇ ತೆರೆದು ತೋರಿಸುತ್ತಾಳೆ. ಹೊಸಬರು ಬಗ್ಗಿ ನೋಡುತ್ತಾರೆ, ಯಾರೋ ನಗುತ್ತಾರೆ, ಪ್ರಶ್ನೆಗಳು ಶುರುವಾಗುತ್ತವೆ. ಜೋಡಿಗಳನ್ನೂ ನಾನೇ ಮಾಡುತ್ತೇನೆ. ಅವರಿಗೇ ಬಿಟ್ಟರೆ ಯಾರೋ ಒಬ್ಬರು ಕೊನೆಗೆ ಒಂಟಿಯಾಗಿ ನಿಂತಿರುತ್ತಾರೆ.

ಸಿಬ್ಬಂದಿಯ ವಿಷಯವನ್ನು ನಾವು ಇಷ್ಟು ಕೂಡ ಯೋಚಿಸುವುದಿಲ್ಲ. ಯಾವ ಹುಡುಗ ವಾರದಿಂದ ಬಂದಿಲ್ಲ ಅಂತ ಮೊದಲು ಗೊತ್ತಾಗುವುದು ಲ್ಯಾಬ್ ಅಟೆಂಡರ್‌ಗೆ. ಆದರೆ ವಿಭಾಗದ ಸಭೆಗೆ ಅವರನ್ನು ಕರೆಯುವ ರೂಢಿಯೇ ಇರಲಿಲ್ಲ. ಈಗ ಕರೆಯುತ್ತೇವೆ, ಅವರು ಮಾತೂ ಆಡುತ್ತಾರೆ. ಗಾಜಿನ ಸಾಮಾನು ತರಿಸುವ ಪಟ್ಟಿ ಅವರು ತಿದ್ದಿದ ಮೇಲೆಯೇ ಆಫೀಸಿಗೆ ಹೋಗುತ್ತದೆ.

ಅತಿಥಿ ಉಪನ್ಯಾಸಕರದ್ದು ಇನ್ನೂ ಬಾಕಿ ಇದೆ. ಅವರಿಗೆ ಕೂರಲು ಮೇಜಿಲ್ಲ. ಅನುಮಾನ ಕೇಳಲು ಬಂದ ವಿದ್ಯಾರ್ಥಿಯ ಜೊತೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಸ್ಟೋರ್ ಪಕ್ಕದ ಕೋಣೆಯನ್ನು ಅವರಿಗೆ ಬಿಡಿಸಿಕೊಡಿ ಅಂತ ಅರ್ಜಿ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಅದೇ ಮೊದಲ ವಿಷಯ.